‘ಗುಂಯ್’ ಸದ್ದಿಗೆ ಅರ್ಥ್ ಪಿನ್ ಕೀಳಬೇಡಿ

ಮಾನ್ಯ ಸಂಪಾದಕರೇ,

ವೀಣೆ, ಕೀಬೋರ್ಡ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗಳನ್ನು ಮನೆಯ ಸ್ಟೀರಿಯೊಗೆ ಜೋಡಿಸಿಕೊಂಡು ಅಭ್ಯಾಸ ಮಾಡುವವರಿದ್ದಾರೆ. ಜೋಡಿಸಿದೊಡನೆ ಸ್ಪೀಕರಿನಲ್ಲಿ ‘ಗುಂಯ್’ ಎಂದರೆ ಹಲವರಿಗೆ ಹೊಳೆಯುವ ಮದ್ದು ಒಂದೇ: ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವುದು. ಕೆಲವು ರಿಪೇರಿಯವರೂ ಇದನ್ನೇ ಮಾಡಿಕೊಡುತ್ತಾರೆ. ಸದ್ದೇನೋ ನಿಲ್ಲಬಹುದು. ಆದರೆ ಆಂಪ್ಲಿಫೈಯರಿನೊಳಗೆ ಫೇಸ್ ತಂತಿ ಲೋಹದ ಪೆಟ್ಟಿಗೆಗೆ ತಗುಲಿದ ದಿನ, 230 ವೋಲ್ಟ್ ಆಡಿಯೊ ಕೇಬಲ್ಲಿನ ಹೊರಹೆಣಿಗೆಯ (ಒಳತಂತಿಯನ್ನು ಸುತ್ತುವರಿದ ಲೋಹದ ಜಾಲರಿ) ಮೂಲಕ ವಾದ್ಯದ ಜ್ಯಾಕಿನವರೆಗೂ ಬಂದು ನಿಲ್ಲುತ್ತದೆ. ಅರ್ಥ್ ಇಲ್ಲದ್ದರಿಂದ ಫ್ಯೂಸ್ ಹಾರುವುದಿಲ್ಲ, ಮುಟ್ಟಿದವರ ಮೈಯೇ ಕರೆಂಟಿಗೆ ದಾರಿಯಾಗುತ್ತದೆ.

ಆ ಸದ್ದಿಗೆ ಸಾಮಾನ್ಯ ಕಾರಣ, ಉಪಕರಣಗಳು ಎರಡು ಬೇರೆ ದಾರಿಗಳಲ್ಲಿ ಭೂಮಿಗೆ ಸೇರಿರುವುದು. ಆಂಪ್ಲಿಫೈಯರ್ ಪ್ಲಗ್ಗಿನಿಂದ ಸೇರಿದರೆ, ಅದಕ್ಕೆ ಜೋಡಿಸಿದ ಟಿವಿಯು ಸೆಟ್‌ಟಾಪ್ ಬಾಕ್ಸಿನ ಕೇಬಲ್ಲಿನಿಂದ ಸೇರಿರುತ್ತದೆ. ಆಂಪ್ಲಿಫೈಯರಿಗೆ ಜೋಡಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ ಬನ್ನಿ. ಕೇಬಲ್ ಅಥವಾ ಡಿಶ್ ವೈರ್ ತೆಗೆದಾಗ ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಆಡಿಯೊ ಕೇಬಲ್ಲಿನ ನಡುವೆ, ಈ ಎರಡು ದಾರಿಗಳ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ತೀರಾ ಅಗ್ಗದ್ದಾದರೆ ತಗ್ಗಿನ ಸ್ವರಗಳನ್ನು (ಬೇಸ್) ತಿಂದುಬಿಡುತ್ತದೆ. ಜ್ಯಾಕಿನ ಲೋಹವನ್ನು ಬೆರಳಿನಿಂದ ಮುಟ್ಟಿದಾಗ ಸದ್ದು ತಗ್ಗಿದರೆ ಮಾತ್ರ ಅದು ಬೇರೆ ಕಾಯಿಲೆ: ಕೇಬಲ್ಲಿನ ಹೊರಹೆಣಿಗೆ ಕಡಿದಿರಬಹುದು, ಕೇಬಲ್ ಬದಲಿಸಿ ನೋಡಿ.

ಆಂಪ್ಲಿಫೈಯರಿನ ಯಾವ ತೂತಿಗೆ ಏನು ಎಂಬುದೂ ಮುಖ್ಯ. ‘ಫೋನೊ’ ಎಂದಿರುವುದು ಗ್ರಾಮಫೋನ್ ತಟ್ಟೆ ಸುತ್ತಿಸುವ ಟರ್ನ್‌ಟೇಬಲ್ಲಿಗೆ ಮಾತ್ರ. ಅದರ ಸೂಜಿ ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್. ಅಲ್ಲಿಗೆ ಕೀಬೋರ್ಡ್ ಸಿಕ್ಕಿಸಿದರೆ ಹತ್ತಾರು ಪಟ್ಟು ಹೆಚ್ಚಿನ ಸಿಗ್ನಲ್ ನುಗ್ಗಿ ಸ್ವರವೆಲ್ಲ ಒಡೆಯುತ್ತದೆ. ‘ಆಕ್ಸ್’, ‘ಸಿಡಿ’, ‘ಟ್ಯೂನರ್’ ಮೂರರಲ್ಲಿ ಯಾವುದಾದರೂ ಆದೀತು. ಕೀಬೋರ್ಡಿನಿಂದ ಒಂದೇ ಕೇಬಲ್ ತರುವುದಾದರೆ ‘ಎಲ್/ಮೊನೊ’ ಎಂದಿರುವಲ್ಲಿಂದ ತನ್ನಿ. ಒಂದು ಔಟ್‌ಪುಟ್ಟನ್ನು ಕವಲು ಕೇಬಲ್ಲಿನಿಂದ ಎಡ, ಬಲ ಎರಡೂ ಇನ್‌ಪುಟ್ಟಿಗೆ ಕೊಡಬಹುದು. ಎರಡು ಔಟ್‌ಪುಟ್ಟನ್ನು ಅದೇ ಕವಲಿನಿಂದ ಒಂದಕ್ಕೆ ಸೇರಿಸಬಾರದು, ಒಂದು ಇನ್ನೊಂದನ್ನು ಎಳೆದಾಡುತ್ತದೆ.

ವೀಣೆಗೆ ಅಂಟಿಸುವ, ಅದರ ಕಂಪನವನ್ನು ಸಿಗ್ನಲ್ ಆಗಿಸುವ ಪೀಜೊ ಪಿಕಪ್ಪನ್ನು ನೇರ ಆಕ್ಸಿಗೆ ಕೊಟ್ಟು ‘ವೀಣೆ ಡಬ್ಬದಂತೆ ಕೇಳುತ್ತದೆ’ ಎಂದು ಕೊರಗುವವರುಂಟು. ತಪ್ಪು ವೀಣೆಯದಲ್ಲ. ಆ ಪಿಕಪ್ಪಿಗೆ ಸುಮಾರು 1 ಮೆಗಾಓಮ್ (1000 ಕಿಲೋಓಮ್) ತಡೆಯ ಇನ್‌ಪುಟ್ ಬೇಕು, ಆಕ್ಸಿನಲ್ಲಿರುವುದು ಸಾಮಾನ್ಯವಾಗಿ 10ರಿಂದ 50 ಕಿಲೋಓಮ್. ಹೀಗಾಗಿ ಮಂದ್ರಸ್ಥಾಯಿಯ ತುಂಬುನಾದವೇ ಮೊದಲು ಕರಗಿಹೋಗುತ್ತದೆ. ನಡುವೆ ಅಷ್ಟು ತಡೆಯ ಇನ್‌ಪುಟ್ ಇರುವ, 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ ಇಟ್ಟರೆ ಅದೇ ವೀಣೆ ಬೇರೆಯಾಗಿ ನುಡಿಯುತ್ತದೆ.

ಜ್ಯಾಕ್ ಹಾಕುವ ಮುನ್ನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಇಲ್ಲದಿದ್ದರೆ ‘ಧಡ್’ ಎನ್ನುವ ಪೆಟ್ಟು ನೇರ ಸ್ಪೀಕರಿಗೆ.

ಈಗಾಗಲೇ ಅರ್ಥ್ ಪಿನ್ ಕಿತ್ತಿರುವವರು ಇಂದೇ ಹೊಸ ಮೂರು ಪಿನ್ನಿನ ಪ್ಲಗ್ ಹಾಕಿಸಿ. ಗೋಡೆಯ ಸಾಕೆಟ್ಟಿನಲ್ಲೂ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಿ.

– ಧ್ವನಿ ಉಪಕರಣಗಳ ತಂತ್ರಜ್ಞ, ಮೈಸೂರು