ಹಿಮ್ಮಡಿ ಸರಿಹೋಯ್ತು: ಎಲ್ಲರಿಗೂ ಥ್ಯಾಂಕ್ಸ್, ಹಾರ್ಬಿನ್ನಿನ ಆ ಇಬ್ಬರಿಗೂ

ಹೋದ ಭಾನುವಾರ ನಮ್ಮ ಬಡಾವಣೆಯ ಶಟಲ್ ಟೂರ್ನಮೆಂಟಿನಲ್ಲಿ ಮತ್ತೆ ಡಬಲ್ಸ್ ಆಡಿದೆ. ಮೊದಲ ಸುತ್ತಿನಲ್ಲೇ ಸೋತೆವು. ಸೋತಿದ್ದಕ್ಕೆ ಇಷ್ಟೊಂದು ಜನ ಬಂದು ಕೈಕುಲುಕಿದ್ದು ಇದೇ ಮೊದಲು. ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ: ಕಳೆದ ವರ್ಷ ಇದೇ ಕೋರ್ಟಿನಲ್ಲಿ ಆಡುವಾಗ ನನ್ನ ಎಡಗಾಲಿನ ಅಕಿಲಿಸ್ ಟೆಂಡನ್ ಹರಿದುಹೋಗಿತ್ತು. ಮೀನಖಂಡದಿಂದ ಹಿಮ್ಮಡಿವರೆಗೆ ದಪ್ಪ ನರ ಅಂತ ನಾವು ಮುಟ್ಟಿ ನೋಡ್ತೀವಲ್ಲ, ಅದೇ. ಹಿಂದಿನಿಂದ ಯಾರೋ ಜೋರಾಗಿ ಒದ್ದರು ಅನ್ನಿಸಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಇದು ಹರಿದವರಲ್ಲಿ ಬಹಳ ಜನ ಹೀಗೇ ಹೇಳ್ತಾರಂತೆ.

ಥ್ಯಾಂಕ್ಸ್ ಹೇಳಬೇಕಾದವರ ಸಾಲು ಉದ್ದವಿದೆ, ಕೊನೆಯಲ್ಲಿ ಚೀನಾದ ಇಬ್ಬರು ಸ್ಕೇಟಿಂಗ್ ಆಟಗಾರರೂ ಇದ್ದಾರೆ. ಮೊದಲು ಆಪರೇಷನ್ ಮಾಡಿದ ಡಾಕ್ಟರು. ನರದ ತುದಿ ಹಳೇ ಹಗ್ಗ ಪಿಂಜಿದ ಹಾಗಿತ್ತು, ಸೇರಿಸಿ ಹೊಲಿದಿದ್ದೀನಿ, ಇನ್ನು ನಿಮ್ಮ ಕೈಯಲ್ಲಿದೆ ಅಂದರು. ಕಾಲು ನನ್ನದು, ಆದರೆ ನಿಜವಾಗಿ ಅದಿದ್ದದ್ದು ನಮ್ಮತ್ತೆಯ ಕೈಯಲ್ಲಿ. ಎಪ್ಪತ್ತು ದಾಟಿದವರು ಸೊಸೆಗೆ ಮಂಚಕ್ಕೇ ಊಟ ತಂದುಕೊಟ್ಟರು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಯಜಮಾನರು ವಾಕರ್ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡಿದರು. ಬ್ಯಾಂಕಿನ ಸಹೋದ್ಯೋಗಿಗಳು ನನ್ನ ಕೌಂಟರನ್ನು ಕೆಳಗಿನ ಮಹಡಿಗೆ ಬದಲಿಸಿಕೊಟ್ಟರು. ಎಲ್ಲರಿಗೂ ನಮಸ್ಕಾರ.

ಫಿಸಿಯೋ ಮೇಡಂ ಬಗ್ಗೆ ಒಂದಿಷ್ಟು ಜಾಸ್ತಿ ಹೇಳಬೇಕು. ಕಟ್ಟಿದ ಬೂಟಿನೊಳಗೆ ಹಿಮ್ಮಡಿ ಕೆಳಗೆ ಒಂದರ ಮೇಲೊಂದು ಬೆಣೆ ಇಟ್ಟಿರ್ತಾರೆ, ಪಾದ ಕೆಳಮುಖವಾಗಿರಲಿ, ಹೊಲಿಗೆ ಎಳೆಯದಿರಲಿ ಅಂತ. ಒಂದೊಂದೇ ಬೆಣೆ ತೆಗೆಯುತ್ತಾ ಹಿಮ್ಮಡಿಯನ್ನು ನೆಲಕ್ಕೆ ತರಬೇಕು. ಬೂಟು ಬಿಚ್ಚಿದ ಮೇಲೆ ಅಸಲಿ ಪರೀಕ್ಷೆ: ಅಡುಗೆಮನೆ ಕಟ್ಟೆ ಹಿಡಿದು, ಒಂದೇ ಕಾಲಿನ ಮೇಲೆ ನಿಂತು, ಹಿಮ್ಮಡಿ ಎತ್ತುವುದು. ಮನಸ್ಸು ಎತ್ತು ಅನ್ನುತ್ತೆ, ಕಾಲು ಮಾತ್ರ ಕೇಳಿಸದ ಹಾಗೆ ಸುಮ್ನೆ ನಿಂತಿರುತ್ತೆ. ನಾನು ಅತ್ತ ಒಂದು ಸಂಜೆ ಮೇಡಂ ಸಮಾಧಾನ ಮಾಡಲಿಲ್ಲ. ಫೋನು ತೆಗೆದು ಒಂದು ವಿಡಿಯೋ ಹಾಕಿದರು. “ಇದೇ ನರ ಹರಿದು ಆರು ತಿಂಗಳಿಗೆ ಒಲಿಂಪಿಕ್ಸ್ ಮೆಡಲ್ ಗೆದ್ದವರು ಇವರು, ನೋಡಿ” ಅಂದರು.

ಚೀನಾದ ಝಾವೋ ಹೊಂಗ್ಬೊ, ಪಕ್ಕದಲ್ಲಿ ಶೆನ್ ಶುಎ. ಜೋಡಿ ಫಿಗರ್ ಸ್ಕೇಟಿಂಗ್, ಅಂದರೆ ಒಂದು ಗಂಡು ಒಂದು ಹೆಣ್ಣು ಜೊತೆಯಾಗಿ ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಆಟ. ಹಿಮದ ಆಟ ನಮಗೆಲ್ಲಿ ಗೊತ್ತು! ಅಲ್ಲಿಂದ ನಾನು ಮಂಚದಲ್ಲೇ ಕೂತು ಇವರ ಇಡೀ ಆಟದ ಬದುಕನ್ನು ನೋಡಿಬಿಟ್ಟೆ.

ಇಬ್ಬರೂ ಈಶಾನ್ಯ ಚೀನಾದ ಹಾರ್ಬಿನ್ನಿನವರು. 1992ರಲ್ಲಿ ಜೋಡಿಯಾದರು. ಆ ವರ್ಷ ಝಾವೋಗೆ ಹತ್ತೊಂಬತ್ತು, ಶೆನ್‌ಗೆ ಹದಿನಾಲ್ಕು ತುಂಬಿತು. ಅವರ ಕೋಚ್ ಯಾವೋ ಬಿನ್. ಈ ಕೋಚ್ ಕಥೆ ಕೇಳಿದರೆ ನಮ್ಮ ಕಷ್ಟ ಕಷ್ಟವೇ ಅಲ್ಲ ಅನ್ನಿಸುತ್ತೆ. ಚೀನಾದಲ್ಲಿ ಜೋಡಿ ಸ್ಕೇಟಿಂಗ್ ಕಲಿಸುವವರೇ ಇಲ್ಲದ ಕಾಲದಲ್ಲಿ ಫೋಟೋ ನೋಡಿ ನೋಡಿ ಕಲಿತವರು. 1980ರಲ್ಲಿ ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ ಕೊನೆಯ ಸ್ಥಾನ ಪಡೆದರು, ಜನ ನಕ್ಕರು. 2004ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮತ್ತೆ ಅದೇ ಡಾರ್ಟ್‌ಮುಂಡಿಗೆ ಬಂತು. ಅವರ ಶಿಷ್ಯರಾದ ಶೆನ್, ಝಾವೋ ಆಡಿದ ಫ್ರೀ ಸ್ಕೇಟಿಂಗಿಗೆ (ಸ್ಪರ್ಧೆಯ ಎರಡನೆಯ, ಉದ್ದದ ಭಾಗ) ಹಲವು ತೀರ್ಪುಗಾರರು ಪೂರ್ತಿ 6.0 ಅಂಕ ಕೊಟ್ಟರು. ಮೆಡಲ್ ಬೆಳ್ಳಿಯದೇ, ಇರಲಿ. ನಕ್ಕವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಈ ಆಟದಲ್ಲಿ ಎಸೆತ ಅಂತ ಒಂದಿದೆ. ವೇಗವಾಗಿ ಜಾರುತ್ತಿರುವಾಗಲೇ ಗಂಡು ಹೆಣ್ಣನ್ನು ಸೊಂಟ ಹಿಡಿದು ಗಾಳಿಗೆ ಎಸೆಯುತ್ತಾನೆ. ಅವಳು ಮೂರು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ, ಹಿಮ್ಮುಖವಾಗಿ, ಸಣ್ಣ ಬ್ಲೇಡಿನ ಅಂಚಿಗೆ ಇಳಿಯಬೇಕು. ಎಸೆಯುವವನ ಶಕ್ತಿ ಬರೋದು ತೋಳಿನಿಂದ ಅಂದುಕೊಂಡಿದ್ದೆ. ನಿಧಾನಗತಿಯಲ್ಲಿ ನೋಡಿದರೆ ಗೊತ್ತಾಗುತ್ತೆ, ಮೊದಲು ಮಂಡಿ ಬಗ್ಗಿ, ಆಮೇಲೆ ಇಡೀ ಮೈ ಕಾಲಿನಿಂದಲೇ ಏಳುತ್ತೆ. ತಲೆಯ ಮೇಲೆ ಅವಳನ್ನು ಎತ್ತಿಕೊಂಡು ತಿರುಗುತ್ತಾ ಸಾಗುವಾಗಲೂ ಅಷ್ಟೇ, ಇಬ್ಬರ ಭಾರವೂ ಅವನ ಪಾದಕ್ಕೆ.

ಅಂಥ ಕಾಲಿನ ನರ 2005ರ ಆಗಸ್ಟಿನಲ್ಲಿ ಅಭ್ಯಾಸದ ವೇಳೆ ಹರಿಯಿತು. ಆಗ ಅವನಿಗೆ ಮೂವತ್ತೊಂದು. ಸೀಸನ್ನಿನ ಸ್ಪರ್ಧೆಗಳೆಲ್ಲ ಹೋದವು. 2006ರ ಫೆಬ್ರುವರಿಯಲ್ಲಿ ನೇರ ಟುರಿನ್ ಒಲಿಂಪಿಕ್ಸ್‌ಗೇ ಇಳಿದರು. ಕಂಚು ಗೆದ್ದರು. ಆರು ತಿಂಗಳಿಗೆ ನಾನು ಮೆಟ್ಟಿಲು ಇಳಿಯೋಕೆ ಕಂಬಿ ಹುಡುಕುತ್ತಿದ್ದೆ. (ಮೇಡಂ ಕಡೆಯಿಂದ ಎಚ್ಚರಿಕೆ: ಅವರ ಹಿಂದೆ ಪಡೆಯೇ ಇತ್ತು, ಮನೆಯಲ್ಲಿ ಯಾರೂ ಆ ಲೆಕ್ಕ ಹಿಡಿದು ಕಾಲು ಕೆಡಿಸಿಕೊಳ್ಳಬೇಡಿ.)

ಆದರೆ ನಾನು ಈ ಬರಹ ಬರೆಯೋಕೆ ಕಾರಣ ಝಾವೋ ಒಬ್ಬನೇ ಅಲ್ಲ, ಶೆನ್ ಜಾಸ್ತಿ. ಗಾಯಾಳುವಿನ ಸಾಹಸವನ್ನು ಎಲ್ಲರೂ ಹೊಗಳ್ತಾರೆ. ಜೋಡಿಯ ಆಟದಲ್ಲಿ ಒಬ್ಬರ ಕಾಲು ಹೋದರೆ ಗಟ್ಟಿಯಾಗಿರುವ ಇನ್ನೊಬ್ಬರೂ ಹೊರಗೇ ಕೂರಬೇಕು. ಶೆನ್‌ಗೆ ಆಗ ಇಪ್ಪತ್ತಾರು, ಒಳ್ಳೆ ವಯಸ್ಸು, ಎದುರಿಗೆ ಒಲಿಂಪಿಕ್ಸ್. ಆದರೂ ಅವಳು ಕಾದಳು. ಅದಕ್ಕೂ ಮೊದಲು, 2003ರ ವಾಷಿಂಗ್ಟನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಾದಕ್ಕೆ ಪೆಟ್ಟಾಗಿದ್ದು ಅವಳಿಗೆ. ನೋವು ಗೊತ್ತಾಗದಿರೋಕೆ ಇಂಜೆಕ್ಷನ್ ತೆಗೆದುಕೊಂಡು ಇಳಿದಳು. ಆ ಪಾದದ ಮೇಲೆ ಇಳಿಯೋ ಹಾಗೆ ಅವಳನ್ನು ಎಸೆಯಬೇಕಾದವನು ಝಾವೋ. ಎಸೆಯೋದು ಕಷ್ಟವೋ ಇಳಿಯೋದು ಕಷ್ಟವೋ, ನನಗಂತೂ ಹೇಳೋಕಾಗಲ್ಲ. ಚಿನ್ನ ಬಂತು.

ಇದೆಲ್ಲ ನೋಡುವಾಗ ನನ್ನ ತಲೆಯಲ್ಲಿದ್ದದ್ದು ನನ್ನ ಡಬಲ್ಸ್ ಜೊತೆಗಾತಿ. ಅಕ್ಕಾ, ನಿಮಗೇ ಹೇಳ್ತಿದ್ದೀನಿ. ನಾನು ಬಿದ್ದ ಮೇಲೆ ನಿಮ್ಮನ್ನು ಎಷ್ಟು ಜನ ಕರೆದರು ಅಂತ ನನಗೆ ಗೊತ್ತು. ಕ್ಲಬ್ಬಿನಲ್ಲಿ ನಿಮ್ಮ ನೆಟ್ ಆಟಕ್ಕೆ ಬೇಡಿಕೆ ಇರೋದೂ ಗೊತ್ತು. ಟೂರ್ನಮೆಂಟಿಗೆ ಬೇರೆಯವರ ಜೊತೆ ಹೆಸರು ಕೊಡಿ ಅಂತ ನಾನೇ ಹೇಳಿದೆ. “ನೋಡೋಣ ಬಿಡಿ” ಅಂದು ಮಾತು ತಿರುಗಿಸಿದಿರಿ. ಸಂಜೆ ಹೊತ್ತು ಗೋಡೆಗೆ ಶಟಲ್ ಹೊಡೆದುಕೊಂಡು ಅಭ್ಯಾಸ ಮಾಡ್ತಿದ್ದಿರಿ ಅಂತ ವಾಚ್‌ಮನ್ ಹೇಳಿದರು. ಇದನ್ನು ನನಗೆ ನೀವು ಹೇಳಲೇ ಇಲ್ಲ. ಮೊನ್ನೆ ಮ್ಯಾಚಿನಲ್ಲಿ ಹಿಂದಿನ ಗೆರೆಗೆ ಬಂದ ಶಟಲ್ಲುಗಳನ್ನೆಲ್ಲ ಒಬ್ಬರೇ ಓಡಿ ಎತ್ತಿದಿರಿ, ನನ್ನನ್ನು ಮುಂದೆ ನಿಲ್ಲಿಸಿದಿರಿ. ಗೆಲ್ಲೋ ಆಟವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು, ಅಲ್ವಾ?

ಉಳಿದ ಕಥೆ ಬೇಗ ಮುಗಿಸ್ತೀನಿ. 2007ರಲ್ಲಿ ಟೋಕಿಯೋದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಝಾವೋ ಹಿಮದ ಮೇಲೇ ಮಂಡಿಯೂರಿ ಮದುವೆಯಾಗ್ತೀಯಾ ಅಂತ ಕೇಳಿದ. ನನ್ನ ಗಮನ ಮಾತ್ರ ಅವನ ಹಿಮ್ಮಡಿ ಎಷ್ಟು ಬಗ್ಗುತ್ತೆ ಅನ್ನೋದರ ಮೇಲಿತ್ತು! ಮದುವೆಯಾಯಿತು, ಸ್ಪರ್ಧೆ ಬಿಟ್ಟರು, 2009ರಲ್ಲಿ ಮತ್ತೆ ಬಂದರು. 2010ರ ವ್ಯಾಂಕೂವರ್‌ನಲ್ಲಿ ಶಾರ್ಟ್ ಪ್ರೋಗ್ರಾಮಿಗೆ (ಸ್ಪರ್ಧೆಯ ಮೊದಲ, ಚಿಕ್ಕ ಭಾಗ) ಎಲ್ಲರಿಗಿಂತ ಮೊದಲು ಇಳಿಯುವ ಚೀಟಿ ಬಂತು. ಮೊದಲು ಇಳಿದವರಿಗೆ ಅಂಕ ಕಡಿಮೆ ಅಂತ ಅಂಜುತ್ತಾರೆ. ಇವರು 76.66 ಪಡೆದು ಆಗಿನ ದಾಖಲೆಯನ್ನೇ ಮುರಿದರು. ಫ್ರೀ ಸ್ಕೇಟಿಂಗಿನಲ್ಲಿ ಒಂದು ಎತ್ತುವಿಕೆ ತಡವರಿಸಿತು, ಆ ಭಾಗದಲ್ಲಿ ಅವರದೇ ದೇಶದ ಪಾಂಗ್ ಚಿಂಗ್, ತೊಂಗ್ ಜಿಯಾನ್ ಮುಂದಿದ್ದರು. ಆದರೂ ಒಟ್ಟು 216.57 ಅಂಕದಲ್ಲಿ ಚಿನ್ನ ಶೆನ್ ಮತ್ತು ಝಾವೋಗೇ. 1964ರಿಂದ ಸತತ ಹನ್ನೆರಡು ಒಲಿಂಪಿಕ್ಸ್‌ಗಳಲ್ಲಿ ಸೋವಿಯತ್ ಒಕ್ಕೂಟ, ಆಮೇಲೆ ರಷ್ಯಾದ ಕಡೆಯೇ ಹೋಗುತ್ತಿದ್ದ ಚಿನ್ನ ಅದು. ಅವಳಿಗೆ ಮೂವತ್ತೊಂದು, ಅವನಿಗೆ ಮೂವತ್ತಾರು. ಮುಂದೆ ಝಾವೋ ಕೋಚ್ ಆಗಿ, 2022ರ ಬೀಜಿಂಗ್‌ನಲ್ಲಿ ಸುಯ್ ವೆನ್‌ಜಿಂಗ್, ಹಾನ್ ತ್ಸೋಂಗ್ ಜೋಡಿಯಿಂದ ಅದೇ ಚಿನ್ನ ಗೆಲ್ಲಿಸಿದ.

ಈ ಇಬ್ಬರೂ ಈ ಕನ್ನಡ ಬರಹ ಓದೋದಿಲ್ಲ ಅಂತ ಗೊತ್ತು. ಆದರೂ ಥ್ಯಾಂಕ್ಸ್.

ಅಕ್ಕಾ, ನೀವು ಓದ್ತೀರಿ. ಶನಿವಾರ ಬೆಳಿಗ್ಗೆ ಆರಕ್ಕೆ ಕೋರ್ಟ್ ಬುಕ್ ಮಾಡಿದ್ದೀನಿ. ಹಿಂದಿನ ಗೆರೆ ಈ ಸಲ ಅರ್ಧ ನನಗೂ ಬಿಡಿ.