ಬಾಟಲಿಯಲ್ಲಿ ನೀರೇ ಇರಲಿ: ಸಕ್ಕರೆಯ ವಿಚಾರವಾಗಿ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆಗೆ ಬರುವ ಬಾಟಲಿಯಲ್ಲಿ ನೀರು ಮಾತ್ರ ಇರಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಜ್ಯೂಸ್, ಶರಬತ್ತು, ತಂಪು ಪಾನೀಯ, ಪುಡಿ ಕಲಸಿದ ಸಿಹಿ ಪೇಯ ಯಾವುದೂ ಬೇಡ. ಸಿಹಿ ತಿನ್ನುವುದನ್ನೇ ಬಿಡಿಸಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಹೊಟ್ಟೆಗೆ ಹೆಚ್ಚು ಸಕ್ಕರೆ ಹೋಗುವುದು ನಮ್ಮ ಗಮನಕ್ಕೇ ಬಾರದೆ, ಅದರಲ್ಲೂ ಕುಡಿಯುವುದರ ಮೂಲಕ. ಅಲ್ಲಿ ಕಡಿವಾಣ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಲೆಕ್ಕ ನೋಡೋಣ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ. ದಿನಕ್ಕೆ 1600 ಕ್ಯಾಲೊರಿ ಬೇಕಾಗುವ ಮಗುವಿಗೆ ಮೇಲಿನ ಮಿತಿ 40 ಗ್ರಾಂ, ಅಂದರೆ 10 ಚಮಚ. ಒಳ್ಳೆಯ ಗುರಿ 20 ಗ್ರಾಂ, 5 ಚಮಚ. ಸಾಮಾನ್ಯ ತಂಪು ಪಾನೀಯದ 100 ಮಿ.ಲೀ.ನಲ್ಲಿ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಕುಡಿದರೆ ಸುಮಾರು 8 ಚಮಚ ಒಳಗೆ ಹೋಯಿತು, ಅದೂ ಐದು ನಿಮಿಷದಲ್ಲಿ.

ಬೆಲ್ಲ, ಜೇನುತುಪ್ಪ, ಕಂದು ಸಕ್ಕರೆ, ಸಿರಪ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಹಣ್ಣಿನ ರಸವೂ ಸೇರುತ್ತದೆ, ಮನೆಯಲ್ಲೇ ಹಿಂಡಿದ್ದಾದರೂ ಸರಿ. ಇಡೀ ಹಣ್ಣಿನಲ್ಲಿರುವ ಸಕ್ಕರೆ ಮತ್ತು ಹಾಲಿನ ಸಹಜ ಸಕ್ಕರೆ ಸೇರುವುದಿಲ್ಲ. ಕಿತ್ತಳೆ ಹಣ್ಣನ್ನು ಅಗಿದು ತಿಂದರೆ ಅದರ ನಾರು ಸಕ್ಕರೆಯನ್ನು ನಿಧಾನವಾಗಿ ರಕ್ತಕ್ಕೆ ಬಿಡುತ್ತದೆ, ಒಂದು ಹಣ್ಣಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಎರಡು ಮೂರು ಹಣ್ಣು ಹಿಂಡಿದ ರಸವನ್ನು ಮಗು ಒಂದೇ ಗುಟುಕಿಗೆ ಕುಡಿದು, ಸ್ವಲ್ಪ ಹೊತ್ತಿಗೆ ಹಸಿವು ಎನ್ನುತ್ತದೆ. ದ್ರವವಾಗಿ ಹೋದ ಕ್ಯಾಲೊರಿ ಊಟದಷ್ಟು ತೃಪ್ತಿ ಕೊಡುವುದಿಲ್ಲ. ಹಾಗಾಗಿ ಮಗು ಊಟವನ್ನು ಕಡಿಮೆ ಮಾಡದೆ ಮೇಲಿಂದ ಅಷ್ಟು ಸೇರಿಸಿಕೊಳ್ಳುತ್ತದೆ.

ಮೊದಲ ಪೆಟ್ಟು ಹಲ್ಲಿಗೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜ ಕರಗಲು ಶುರುವಾಗುತ್ತದೆ. ಎಂಜಲು ಅದನ್ನು ಮತ್ತೆ ಸರಿದಾರಿಗೆ ತರಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆದ್ದರಿಂದ ಎಷ್ಟು ಸಕ್ಕರೆ ಎನ್ನುವಷ್ಟೇ ಮುಖ್ಯ ಎಷ್ಟು ಸಲ ಎನ್ನುವುದು. ಊಟದ ಜೊತೆ ಒಮ್ಮೆ ತಿಂದ ಸಿಹಿಗೆ ಒಂದು ಸಲದ ಆಮ್ಲ. ಸಿಹಿ ಪಾನೀಯದ ಬಾಟಲಿಯನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಚೂರುಚೂರೇ ಹೀರಿದರೆ ಎಂಜಲಿಗೆ ಬಿಡುವೇ ಇಲ್ಲ. ಮನೆಯ ಸಿಹಿಗಿಂತ ಚೀಲದ ಬಾಟಲಿಯ ಬಗ್ಗೆ ನನಗೆ ಹೆಚ್ಚು ಚಿಂತೆ ಇರುವುದು ಇದಕ್ಕೇ.

ಹಾಲುಹಲ್ಲು ಹೇಗಿದ್ದರೂ ಬೀಳುತ್ತದಲ್ಲ ಎಂದು ಬಿಡಬೇಡಿ. ಹಿಂಭಾಗದ ಹಾಲುಹಲ್ಲುಗಳು 10ರಿಂದ 12 ವರ್ಷದವರೆಗೂ ಇರುತ್ತವೆ. ಅಲ್ಲದೆ ಆರರ ಆಸುಪಾಸಿನಲ್ಲಿ ಅವುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅಲ್ಲಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಇದೂ ಹಾಲುಹಲ್ಲೇ ಎಂದು ಅನೇಕರು ತಿಳಿಯುತ್ತಾರೆ. ಅದು ಹುಳುಕಾದರೆ ಬದಲಿಗೆ ಇನ್ನೊಂದು ಬರುವುದಿಲ್ಲ. ಬೆಳಿಗ್ಗೆ ಮತ್ತು ಮಲಗುವ ಮುನ್ನ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಿಸಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಕೊಡಬೇಡಿ. ನಿದ್ದೆಯಲ್ಲಿ ಎಂಜಲು ತೀರಾ ಕಡಿಮೆಯಾಗುತ್ತದೆ.

ಒಳಗಿನ ಹಾನಿ ನಿಧಾನ. ಸಕ್ಕರೆಯ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್‌ನ ಹೊರೆ ಹೆಚ್ಚಾಗಿ ಯಕೃತ್ತಿನ ಮೇಲೆ ಬೀಳುತ್ತದೆ; ಮಿತಿ ಮೀರಿದಾಗ ಅದು ಕೊಬ್ಬಾಗಿ ಅಲ್ಲೇ ಕೂರುತ್ತದೆ. ಮದ್ಯ ಮುಟ್ಟದ ಮಕ್ಕಳಲ್ಲೂ ಕೊಬ್ಬು ತುಂಬಿದ ಯಕೃತ್ತು ಕಾಣುತ್ತದೆ. ತೂಕ ಏರುತ್ತಾ ಹೋದಂತೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದೆ, ಮುಂದೆ ಎರಡನೇ ವಿಧದ ಮಧುಮೇಹಕ್ಕೆ ದಾರಿಯಾಗುತ್ತದೆ. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಇದರ ಸೂಚನೆಯಿರಬಹುದು; ಕೊಳೆ ಎಂದು ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ಸಕ್ಕರೆ ತಿಂದರೆ ಮಕ್ಕಳು ಅತಿಯಾಗಿ ಕುಣಿದಾಡುತ್ತಾರೆ ಎಂಬ ಮಾತಿಗೆ ಮಾತ್ರ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಮಗುವಿನ ತುಂಟತನಕ್ಕೆ ಸಕ್ಕರೆಯನ್ನು ದೂರುವುದು ಬೇಡ.

ಪೊಟ್ಟಣ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ, ಸುಕ್ರೋಸ್, ಡೆಕ್ಸ್‌ಟ್ರೋಸ್, ಗ್ಲೂಕೋಸ್ ಸಿರಪ್, ಕಾರ್ನ್ ಸಿರಪ್, ಸಾಂದ್ರೀಕೃತ ಹಣ್ಣಿನ ರಸ ಇವುಗಳಲ್ಲಿ ಒಂದಿದ್ದರೂ ಅದು ಸಿಹಿತಿಂಡಿಯೇ. ಪೋಷಕಾಂಶದ ಪಟ್ಟಿಯಲ್ಲಿ 'ಒಂದು ಸಲದ ಪ್ರಮಾಣ' ಎಂದು ಕೊಟ್ಟ ಅಂಕಿಯನ್ನು ನೆಚ್ಚಬೇಡಿ, ಆ ಪ್ರಮಾಣ ಬಹಳ ಚಿಕ್ಕದಿರಬಹುದು. 100 ಗ್ರಾಂಗೆ ಎಷ್ಟು ಎಂದು ನೋಡಿ, ನಾಲ್ಕರಿಂದ ಭಾಗಿಸಿ. ಚಮಚದ ಲೆಕ್ಕ ಸಿಗುತ್ತದೆ. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರಬಹುದು. ಬಹಳ ದಿನ ಕೊಡಬೇಕಾದ ಔಷಧಿಯಾದರೆ ಸಕ್ಕರೆ ಇಲ್ಲದ್ದು ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಒಂದೇ ದಿನದಲ್ಲಿ ನಿಲ್ಲಿಸಲು ಹೋದರೆ ಮನೆಯಲ್ಲಿ ಜಗಳ, ಮಗು ಕದ್ದು ತಿನ್ನುವುದು. ಹಾಲಿಗೆ ಎರಡು ಚಮಚ ಹಾಕುವ ರೂಢಿ ಇದ್ದರೆ ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ಕೃತಕ ಸಿಹಿಯನ್ನು ಬದಲಿಯಾಗಿ ಕೊಡಬೇಡಿ: ಅದರಿಂದ ಅತಿ ಸಿಹಿಯ ಚಟ ಹಾಗೇ ಉಳಿಯುತ್ತದೆ, ತೂಕ ಇಳಿಸಲು ಅದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ. ಚೆನ್ನಾಗಿ ಓದಿದ್ದಕ್ಕೆ, ಅಳು ನಿಲ್ಲಿಸಿದ್ದಕ್ಕೆ ಚಾಕೊಲೇಟ್ ಕೊಡುವುದನ್ನೂ ದಯವಿಟ್ಟು ಬಿಡಿ.

ಕೊನೆಯದಾಗಿ, ಮಧುಮೇಹವಿರುವ ಮಕ್ಕಳು ತುರ್ತಿಗೆಂದು ಇಟ್ಟುಕೊಳ್ಳುವ ಸಿಹಿಗೆ ಈ ನೀರು ಮಾತ್ರ ಎಂಬ ನಿಯಮ ಅನ್ವಯಿಸುವುದಿಲ್ಲ. ರಕ್ತದ ಸಕ್ಕರೆ ಕುಸಿದಾಗ ಅವರಿಗೆ ತಕ್ಷಣ ಗ್ಲೂಕೋಸ್ ಅಥವಾ ಜ್ಯೂಸ್ ಬೇಕೇ ಬೇಕು. ಅದನ್ನು ಚೀಲದಿಂದ ತೆಗೆಯಬೇಡಿ. ಮೊದಲನೇ ವಿಧದ ಮಧುಮೇಹ ಸಕ್ಕರೆ ತಿಂದು ಬರುವುದಲ್ಲ, ಆ ಮಕ್ಕಳ ಮನಸ್ಸು ನೋಯುವಂಥ ಮಾತು ಮನೆಯಲ್ಲೂ ಬೇಡ. ಯಾವುದೇ ಮಗು ವಿಪರೀತ ನೀರು ಕುಡಿಯುತ್ತಾ, ಪದೇಪದೇ ಮೂತ್ರಕ್ಕೆ ಹೋಗುತ್ತಾ, ಸೊರಗುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಈಗಾಗಲೇ ಚಿಕಿತ್ಸೆಯಲ್ಲಿದ್ದರೆ, ಸಕ್ಕರೆ ಕುಸಿದಾಗ ಏನು, ಎಷ್ಟು ಕೊಡಬೇಕು ಎಂದು ವೈದ್ಯರು ಬರೆದುಕೊಟ್ಟ ಚೀಟಿಯ ಪ್ರತಿಯನ್ನು ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು