ಹೊಳೆಯನ್ನು ಎಣಿಸುವ ಮುನ್ನ

ಮಾನ್ಯರೇ,

ಕನ್ನಡ ಕಾವ್ಯದಲ್ಲಿ ನಿಸರ್ಗದ ಪದಗಳು ಎಲ್ಲಿ, ಎಷ್ಟು ಬಾರಿ ಬರುತ್ತವೆ ಎಂಬುದನ್ನು ಕಂಪ್ಯೂಟರಿನಿಂದ ಎಣಿಸಿ ನೋಡುವ ಅಧ್ಯಯನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಬರೀ ಅಕ್ಷರ ಹೋಲಿಸಿ ಎಣಿಸುವ ತಂತ್ರಾಂಶ ನಮ್ಮ ನುಡಿಗೆ ಸಾಲದು. ಅದಕ್ಕೆ ‘ಮಳೆ’, ‘ಮಳೆಯ’, ‘ಮಳೆಗೆ’, ‘ಮಳೆಯಲ್ಲಿ’ ನಾಲ್ಕು ಬೇರೆ ಪದಗಳು. ಹಳಗನ್ನಡದ ‘ಮೞೆ’ ಐದನೆಯದು. ‘ಕಾಡುವ ನೆನಪು’ ಎಂದಾಗ ಅಲ್ಲಿ ಅರಣ್ಯವಿಲ್ಲ, ‘ಹೊಳೆವ ಕಣ್ಣು’ ಎಂದಾಗ ನಮ್ಮ ಭದ್ರೆಯಂತಹ ನದಿಯಿಲ್ಲ ಎಂಬ, ಮೂಡಿಗೆರೆಯ ಶಾಲಾಮಗುವಿಗೂ ತಿಳಿದಿರುವ ವ್ಯತ್ಯಾಸವನ್ನು ಯಂತ್ರಕ್ಕೆ ನಾವೇ ಕಲಿಸಬೇಕಾಗಿದೆ. ಆದ್ದರಿಂದ ವಿಭಕ್ತಿ ಬಿಡಿಸಿ, ಸಂಧಿ ಗುರುತಿಸಿ, ಸಂದರ್ಭಕ್ಕೆ ತಕ್ಕ ಅರ್ಥ ನಮೂದಿಸಿದ ಕಾವ್ಯಪಠ್ಯಗಳ ಭಂಡಾರವೊಂದನ್ನು ವಿಶ್ವವಿದ್ಯಾಲಯಗಳು ಸಿದ್ಧಪಡಿಸಿ, ಎಲ್ಲರಿಗೂ ಮುಕ್ತವಾಗಿ ಒದಗಿಸಬೇಕು. ಮರ, ಹಕ್ಕಿಗಳಿಗೆ ಮಲೆನಾಡಿನ ಆಡುಮಾತಿನಲ್ಲಿರುವ ಹೆಸರುಗಳೂ ಅದರ ಪದಪಟ್ಟಿಯಲ್ಲಿ ಸೇರಲಿ.

– ಕನ್ನಡ ಅಧ್ಯಾಪಕರೊಬ್ಬರು, ಚಿಕ್ಕಮಗಳೂರು